ಸಂತ ಬೆನೆಡಿಕ್ಟರ ಉಗ್ರಾಣ



ಜುಲೈ 11 ಸಂತ ಬೆನೆಡಿಕ್ಟರ ಹಬ್ಬ. ಅವರ ಪದಕ ನಮ್ಮಲ್ಲಿ ಅನೇಕರ ಕೊರಳಲ್ಲಿದೆ, ಮನೆಯ ಬಾಗಿಲ ಮೇಲಿದೆ, ನಮ್ಮ ಯುವಕರ ಬೈಕ್ ಕೀಗೊಂಚಲಿನಲ್ಲೂ ಇದೆ. ಕೇಡಿನಿಂದ ಕಾಯುವ ಸಂತರೆಂದೇ ಅವರನ್ನು ಬಲ್ಲೆವು. ಆದರೆ ಜಗದ್ಗುರು ಮಹಾ ಗ್ರೆಗೊರಿಯವರು ಬರೆದಿಟ್ಟ ಅವರ ಚರಿತ್ರೆಯಲ್ಲಿ ದೆವ್ವದ ಕಾಟದ ನಡುನಡುವೆ ರೊಟ್ಟಿ, ನೀರು, ಹಿಟ್ಟು, ಎಣ್ಣೆ ಮತ್ತೆ ಮತ್ತೆ ಬರುತ್ತವೆ. ಈ ಸಲ ಅವರ ಬಾಳನ್ನು ಆ ಕಡೆಯಿಂದ ನೋಡೋಣ.

ಬೆನೆಡಿಕ್ಟರು ಇಟಲಿಯ ನೊರ್ಚಿಯಾ ಊರಿನಲ್ಲಿ ಸುಮಾರು 480ರಲ್ಲಿ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದರು. ಸಂತ ಸ್ಕೊಲಾಸ್ಟಿಕಾ ಅವರ ಸಹೋದರಿ. ಓದಲೆಂದು ರೋಮಿಗೆ ಹೋದವರು ಅಲ್ಲಿನ ವಿದ್ಯಾರ್ಥಿಗಳ ಬದುಕು ಕಂಡು ಬೇಸತ್ತು ಓದು ಬಿಟ್ಟು ಹೊರಟರು. ಸಾಕುತಾಯಿ ಜೊತೆಗಿದ್ದಳು. ಗೋಧಿ ಹಸನು ಮಾಡಲು ಆಕೆ ನೆರೆಯವರಿಂದ ಒಂದು ತಟ್ಟೆ ಎರವಲು ತಂದಿದ್ದಳು, ನಮ್ಮ ಮೊರದ ಕೆಲಸ ಮಾಡುವಂಥದು. ಅದು ಬಿದ್ದು ಎರಡು ಹೋಳಾಯಿತು. ಆಕೆ ಅಳುವುದನ್ನು ನೋಡಲಾರದೆ ಹುಡುಗ ಪ್ರಾರ್ಥಿಸಿದ. ಎದ್ದು ನೋಡಿದರೆ ತಟ್ಟೆ ಕೂಡಿಕೊಂಡಿತ್ತು. ಅವರ ಮೊದಲ ಅದ್ಭುತವೇ ಅಡುಗೆಮನೆಯದು.

ಊರೆಲ್ಲ ಹೊಗಳತೊಡಗಿದ್ದೇ ತಡ, ಅಲ್ಲಿಂದಲೂ ತಪ್ಪಿಸಿಕೊಂಡು ಸುಬಿಯಾಕೊದ ಒಂದು ಗುಹೆ ಸೇರಿದರು. ಮೂರು ವರ್ಷ ಅಲ್ಲಿದ್ದರು. ರೊಮಾನುಸ್ ಎಂಬ ಸನ್ಯಾಸಿ ತನ್ನ ಪಾಲಿನ ರೊಟ್ಟಿಯಲ್ಲೇ ಸ್ವಲ್ಪ ಉಳಿಸಿ, ಹಗ್ಗಕ್ಕೆ ಒಂದು ಗಂಟೆ ಕಟ್ಟಿ ಮೇಲಿನ ಬಂಡೆಯಿಂದ ಇಳಿಬಿಡುತ್ತಿದ್ದ. ಲೋಕವನ್ನೇ ಬಿಟ್ಟೆನೆಂದುಕೊಂಡ ಯುವಕ ಬದುಕಿದ್ದು ಇನ್ನೊಬ್ಬನ ಅರೆಹೊಟ್ಟೆಯ ಮೇಲೆ. ಮುಂದೆ ಅವರು ಮಠಕ್ಕೆಂದು ಬರೆದ ನಿಯಮಾವಳಿಯಲ್ಲಿ ಊಟದ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಯೋಚಿಸಿರುವುದಕ್ಕೆ ಈ ಹಗ್ಗದ ನೆನಪೂ ಕಾರಣ ಇರಬೇಕು ಎಂದು ನನಗೆ ಅನಿಸುತ್ತದೆ.

ಸುಬಿಯಾಕೊ ಎಂದರೆ ಕೆರೆಯ ಕೆಳಗಿನ ಊರು. ನೀರೋ ಚಕ್ರವರ್ತಿ ತನ್ನ ಅರಮನೆಯ ಅಂದಕ್ಕಾಗಿ ಅಲ್ಲಿನ ನದಿಗೆ ಕಟ್ಟೆ ಕಟ್ಟಿಸಿ ಕೆರೆಗಳನ್ನು ಮಾಡಿಸಿದ್ದ. ಶಿಷ್ಯರು ಹೆಚ್ಚಿದಾಗ ಬೆನೆಡಿಕ್ಟರು ಅದೇ ಸೀಮೆಯಲ್ಲಿ ಹನ್ನೆರಡು ಮಠಗಳನ್ನು ಕಟ್ಟಿ, ಒಂದೊಂದರಲ್ಲಿ ಹನ್ನೆರಡು ಜನರನ್ನಿಟ್ಟರು. ಮೂರು ಮಠಗಳು ಬಂಡೆಗಳ ಮೇಲಿದ್ದವು. ಅಲ್ಲಿನವರು ದಿನವೂ ಕಡಿದಾದ ದಾರಿಯಲ್ಲಿ ಕೆರೆಗೆ ಇಳಿದು ನೀರು ಹೊರಬೇಕಿತ್ತು. ಸಾಕಾಗಿ, ಮಠವನ್ನೇ ಬೇರೆಡೆಗೆ ಸಾಗಿಸಿ ಎಂದು ಬೇಡಿಕೊಂಡರು. ಬೋರ್‌ವೆಲ್ ಬತ್ತಿದಾಗ ಟ್ಯಾಂಕರ್‌ಗೆ ಕಾದವರಿಗೆ ಅವರ ಕಷ್ಟ ಅರ್ಥವಾದೀತು. ಆ ರಾತ್ರಿ ಬೆನೆಡಿಕ್ಟರು ಪ್ಲಾಸಿಡ್ ಎಂಬ ಬಾಲಕನೊಂದಿಗೆ ಬೆಟ್ಟ ಹತ್ತಿ ಬಹಳ ಹೊತ್ತು ಪ್ರಾರ್ಥಿಸಿ, ಗುರುತಿಗೆ ಮೂರು ಕಲ್ಲಿಟ್ಟು ಇಳಿದರು. ಬೆಳಗ್ಗೆ ಅಲ್ಲೇ ಸ್ವಲ್ಪ ಅಗೆಯಿರಿ ಎಂದರು. ಸನ್ಯಾಸಿಗಳು ಹೋದಾಗ ಬಂಡೆ ಆಗಲೇ ಒಸರುತ್ತಿತ್ತು. ಅಗೆದ ಕುಳಿ ತುಂಬಿ ನೀರು ಬೆಟ್ಟದಿಂದ ಕೆಳಕ್ಕೆ ಹರಿಯಿತು.

ಆ ಕೆರೆಯ ದಡದಲ್ಲೇ ಇನ್ನೊಂದು ಘಟನೆ. ಗೋಥರು ಆಗ ಇಟಲಿಯನ್ನು ಆಳುತ್ತಿದ್ದ ಹೊರಗಿನ ಜನ, ಭಾಷೆಯೂ ಬೇರೆ. ಅವರಲ್ಲಿ ಒಬ್ಬ ಬಡವ ಮಠ ಸೇರಿದ್ದ. ತೋಟ ಮಾಡಲು ಮುಳ್ಳುಗಿಡ ಸವರುವ ಕೆಲಸ ಅವನಿಗೆ ಬಿತ್ತು. ಜೋರಾಗಿ ಬೀಸಿದಾಗ ಕತ್ತಿಯ ಅಲಗು ಕಳಚಿ ಆಳದ ನೀರಿಗೆ ಬಿತ್ತು. ಪಾಪ, ನಡುಗುತ್ತಾ ಹೋಗಿ ತಪ್ಪೊಪ್ಪಿಕೊಂಡ. ಬೆನೆಡಿಕ್ಟರು ಬಂದು ಹಿಡಿಯನ್ನು ನೀರಿಗಿಟ್ಟರು, ಕಬ್ಬಿಣ ಮೇಲೆ ಬಂದು ಹಿಡಿಗೆ ಸೇರಿತು. ದುಃಖಪಡದೆ ಕೆಲಸ ಮಾಡು ಎಂದು ಅವನ ಕೈಗೇ ಮರಳಿಸಿದರು. ನಮ್ಮಂತೆ ಹಲವು ಭಾಷೆಗಳ ಧರ್ಮಪ್ರಾಂತ್ಯದಲ್ಲಿರುವವರಿಗೆ ಆ ಗೋಥ್ ಸಹೋದರ ಹತ್ತಿರದವನಾಗಿ ಕಾಣುತ್ತಾನೆ.

ಸುಮಾರು 529ರಲ್ಲಿ ಅವರು ದಕ್ಷಿಣಕ್ಕೆ ಹೋಗಿ ಮೊಂಟೆ ಕಸ್ಸಿನೊ ಬೆಟ್ಟದ ಮೇಲೆ ಮಠ ಕಟ್ಟಿದರು. ನಿಯಮಾವಳಿ ಅಲ್ಲಿ ರೂಪುಗೊಂಡಿತು. ನೀರು, ಹಿಟ್ಟಿನ ಗಿರಣಿ, ಕೈತೋಟ ಆದಷ್ಟೂ ಮಠದ ಒಳಗೇ ಇರಬೇಕು. ಊಟಕ್ಕೆ ಬೇಯಿಸಿದ ಎರಡು ಬಗೆ, ಒಂದು ಸೇರದವನು ಇನ್ನೊಂದನ್ನು ಉಣ್ಣಲಿ ಎಂದು. ದಿನಕ್ಕೆ ತೂಕ ಮಾಡಿದ ಒಂದು ರೊಟ್ಟಿ. ದುಡಿಮೆ ಹೆಚ್ಚಾದ ದಿನ ಅಳತೆಯೂ ಹೆಚ್ಚು. ನಾಲ್ಕು ಕಾಲಿನ ಪ್ರಾಣಿಯ ಮಾಂಸ ತೀರಾ ನಿತ್ರಾಣರಾದ ರೋಗಿಗಳಿಗೆ ಮಾತ್ರ. ಸಂಜೆಯ ಊಟ ದೀಪ ಹಚ್ಚುವ ಮುನ್ನ, ಹಗಲ ಬೆಳಕಿನಲ್ಲೇ ಮುಗಿಯಬೇಕು. ಅಡುಗೆಯ ಸರದಿ ವಾರಕ್ಕೊಬ್ಬರದು. ಶನಿವಾರ ಪಾತ್ರೆಗಳನ್ನು ತೊಳೆದು, ಮುಕ್ಕಾಗದಂತೆ ಉಗ್ರಾಣದ ಸಹೋದರನಿಗೆ ಒಪ್ಪಿಸಬೇಕು. ಆ ಸಹೋದರನಾದರೋ ಮಠದ ಗುದ್ದಲಿ, ಮಡಕೆ ಎಲ್ಲವನ್ನೂ ಬಲಿಪೀಠದ ಪೂಜಾಪಾತ್ರೆಗಳೆಂದೇ ಭಾವಿಸಬೇಕು. ಗೋಥ್ ಏಕೆ ನಡುಗಿದ ಎಂಬುದು ಇಲ್ಲಿ ತಿಳಿಯುತ್ತದೆ.

ಇಷ್ಟು ಅಚ್ಚುಕಟ್ಟಾದ ಲೆಕ್ಕ ಪರೀಕ್ಷೆಗೆ ಒಳಗಾಗುವ ಕಾಲ ಬಂತು. 536ರಲ್ಲಿ ಸೂರ್ಯ ತಿಂಗಳುಗಟ್ಟಲೆ ಮಂಕಾಗಿದ್ದ. ಜ್ವಾಲಾಮುಖಿಯ ದೂಳು ಕಾರಣವೆಂದು ಧ್ರುವದ ಹಿಮ ಮತ್ತು ಮರಗಳ ವರ್ಷಬಳೆಗಳನ್ನು ಓದಿದ ವಿಜ್ಞಾನಿಗಳು ಹೇಳುತ್ತಾರೆ. ಜೊತೆಗೆ ಯುದ್ಧ. 537ರಲ್ಲಿ ಗೋಥರು ರೋಮಿಗೆ ಮುತ್ತಿಗೆ ಹಾಕಿ ನೀರಿನ ಕಾಲುವೆಗಳನ್ನು ಕಡಿದರು. ಆ ನೀರಿನಿಂದಲೇ ತಿರುಗುತ್ತಿದ್ದ ಗಿರಣಿಗಳು ನಿಂತವು. ಗೋಧಿ ಇದ್ದರೂ ಹಿಟ್ಟಿಲ್ಲ. ಕೊನೆಗೆ ಸೇನಾಪತಿ ಬೆಲಿಸಾರಿಯುಸ್ ನದಿಯಲ್ಲಿ ದೋಣಿಗಳನ್ನು ಕಟ್ಟಿ ಅವುಗಳ ಮೇಲೆ ಗಿರಣಿ ಓಡಿಸಬೇಕಾಯಿತು. ಇಟಲಿಯಲ್ಲಿ ಜನ ಹಸಿವಿನಿಂದ ಸತ್ತರು.

ಬೆನೆಡಿಕ್ಟರ ಸೀಮೆಗೂ ಬರ ಬಡಿದಾಗ ಮಠದಲ್ಲಿ ಉಳಿದದ್ದು ಐದೇ ರೊಟ್ಟಿ. ಮರುದಿನ ಬಾಗಿಲಲ್ಲಿ ಹಿಟ್ಟಿನ ಮೂಟೆಗಳಿದ್ದವು, ತಂದವರು ಯಾರೆಂದು ಗೊತ್ತಾಗಲೇ ಇಲ್ಲ. ನನ್ನನ್ನು ಹೆಚ್ಚು ಕಾಡುವುದು ಎಣ್ಣೆಯ ಕಥೆ. ಅಗಾಪಿತುಸ್ ಎಂಬಾತ ಸ್ವಲ್ಪ ಎಣ್ಣೆ ಬೇಡಿ ಬಂದ. ಗಾಜಿನ ಪಾತ್ರೆಯ ತಳದಲ್ಲಿ ಚೂರು ಉಳಿದಿತ್ತು. ಕೊಡು ಎಂದರು ಬೆನೆಡಿಕ್ಟರು. ಉಗ್ರಾಣದ ಸಹೋದರ ಕೊಡಲಿಲ್ಲ. ಕೊಟ್ಟರೆ ನಮ್ಮವರಿಗೆ ಏನೂ ಉಳಿಯದು ಎಂಬುದು ಅವನ ಲೆಕ್ಕ. ನಮ್ಮ ಯುವಜನರ ಹುಂಡಿ ನಾನೇ ನೋಡಿಕೊಳ್ಳುವುದರಿಂದ ಹೇಳುತ್ತೇನೆ, ಅವನ ಲೆಕ್ಕ ತಪ್ಪಿರಲಿಲ್ಲ. ಆದರೆ ಪ್ರತಿ ಮಡಕೆಯನ್ನೂ ಪೂಜಾಪಾತ್ರೆ ಎಂದವರೇ ಸಿಟ್ಟಾಗಿ, ಆ ಪಾತ್ರೆಯನ್ನು ಕಿಟಕಿಯಿಂದ ಹೊರಗೆಸೆಯಲು ಹೇಳಿದರು. ಕೆಳಗೆ ಕಲ್ಲುಬಂಡೆಗಳ ಕೊರಕಲು. ಪಾತ್ರೆ ಒಡೆಯಲಿಲ್ಲ, ಎಣ್ಣೆ ಚೆಲ್ಲಲಿಲ್ಲ. ಅದನ್ನು ಎತ್ತಿ ತರಿಸಿ ಬೇಡಿದವನಿಗೆ ಕೊಡಿಸಿದರು. ಆಮೇಲೆ ಎಲ್ಲರೂ ಕೂಡಿ ಪ್ರಾರ್ಥಿಸುತ್ತಿದ್ದಾಗ ಅಲ್ಲೇ ಇದ್ದ ಖಾಲಿ ಗುಡಾಣದ ಮುಚ್ಚಳ ಮೇಲೆದ್ದಿತು, ಎಣ್ಣೆ ತುಂಬಿ ನೆಲಕ್ಕೆ ಹರಿಯಿತು.

ಸುಮಾರು 547ರಲ್ಲಿ, ಪ್ರಭುವಿನ ಶರೀರ ರಕ್ತಗಳನ್ನು ಸ್ವೀಕರಿಸಿ, ಶಿಷ್ಯರ ತೋಳುಗಳಿಗೆ ಒರಗಿ ನಿಂತೇ ಪ್ರಾಣಬಿಟ್ಟರು. ಸ್ಕೊಲಾಸ್ಟಿಕಾಳನ್ನು ಇಟ್ಟ ಸಮಾಧಿಯಲ್ಲೇ ಅವರನ್ನೂ ಇಟ್ಟರು.

ಕೆಲವು ದಶಕಗಳ ನಂತರ ಲೊಂಬಾರ್ಡರು ಒಂದು ರಾತ್ರಿ ಮಠಕ್ಕೆ ನುಗ್ಗಿ ಹಾಳುಗೆಡವಿದರು. ಸನ್ಯಾಸಿಗಳು ಒಬ್ಬರೂ ಸಾಯದೆ ರೋಮಿಗೆ ಓಡಿದರು. ಓಡುವಾಗ ನಿಯಮಾವಳಿಯ ಪುಸ್ತಕದ ಜೊತೆ ಅವರು ಹೊತ್ತುಕೊಂಡು ಹೋದದ್ದು ರೊಟ್ಟಿಯ ತೂಕದ ಬಟ್ಟನ್ನು ಮತ್ತು ದ್ರಾಕ್ಷಾರಸದ ಅಳತೆಪಾತ್ರೆಯನ್ನು.