ಧ್ರುವಪ್ರಭೆಯ ಎತ್ತರ ಅಳೆದ ಗಣಿತಜ್ಞ ಕಾರ್ಲ್ ಸ್ಟೋರ್ಮರ್

ವಿಜಯಪುರ ಜಿಲ್ಲೆಯ ಹೂವಿನ ಹಿಪ್ಪರಗಿಯಲ್ಲಿ ನಿಂತು ಉತ್ತರ ದಿಗಂತವನ್ನು ಎಷ್ಟು ರಾತ್ರಿ ನಿರುಕಿಸಿದರೂ ಧ್ರುವಪ್ರಭೆಯ ದರ್ಶನವಾಗದು. ಆ ಬೆಳಕಿನ ಪರದೆ ಭೂಮಿಯ ಎರಡು ತುದಿಗಳಿಗೆ ಮೀಸಲು. ಆದರೂ 2024ರ ಮೇ 10 ಮತ್ತು 11ರ ನಡುವಿನ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಕೆಂಪು ಹೊಳಪನ್ನು ಸೆರೆಹಿಡಿದಿದ್ದವು. 2003ರ ನಂತರ ಭೂಮಿಗೆ ಅಪ್ಪಳಿಸಿದ ಅತಿ ಪ್ರಬಲ ಸೌರ ಬಿರುಗಾಳಿ ಅದು. ಹವ್ಯಾಸಿ ರೇಡಿಯೊ ನಿರ್ವಾಹಕರು, ಅಂದರೆ ಹ್ಯಾಮ್‌ಗಳು, ಇಂಥ ರಾತ್ರಿಗಳಲ್ಲಿ ಮೊದಲು ನೋಡುವುದು ಆಕಾಶವನ್ನಲ್ಲ, ಧ್ರುವಪ್ರಭೆಯ ಮುನ್ಸೂಚನಾ ನಕ್ಷೆಯನ್ನು. ಧ್ರುವವನ್ನು ಉಂಗುರದಂತೆ ಸುತ್ತುವರಿದ ಹಸಿರು ಪಟ್ಟಿ ಎಲ್ಲಿಯವರೆಗೆ ಇಳಿದಿದೆ ಎಂಬುದನ್ನು ಅರ್ಧ ಗಂಟೆಯಿಂದ ಒಂದೂವರೆ ಗಂಟೆಯಷ್ಟು ಮುಂಚಿತವಾಗಿ ಆ ನಕ್ಷೆ ತಿಳಿಸುತ್ತದೆ.

ಆ ಹಸಿರು ಪಟ್ಟಿಯ ಹಿಂದೆ ಅನೇಕರ ದುಡಿಮೆಯಿದೆ. ಅವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ನಾರ್ವೆಯ ಗಣಿತಜ್ಞ ಕಾರ್ಲ್ ಸ್ಟೋರ್ಮರ್. ಧ್ರುವಪ್ರಭೆ ನೆಲದಿಂದ ಎಷ್ಟು ಎತ್ತರದಲ್ಲಿದೆ, ಎಲ್ಲಿದೆ ಎಂಬುದನ್ನು ಊಹೆಯಿಂದ ಬಿಡಿಸಿ ಅಳತೆಗೆ ತಂದವರು ಅವರು. ಅದರ ಕಾರಣವನ್ನು ಲೆಕ್ಕದಿಂದ ಬಿಡಿಸಲು ಜೀವಮಾನವಿಡೀ ಹೆಣಗಿದರು. ಆ ಲೆಕ್ಕ ಕೊನೆಗೆ ಬೇರೊಂದು ಒಗಟಿಗೆ ಉತ್ತರವಾಯಿತು.

ಗುಂಡಿಯ ರಂಧ್ರದಲ್ಲಿ ಕ್ಯಾಮೆರಾ

ಫ್ರೆಡ್ರಿಕ್ ಕಾರ್ಲ್ ಮ್ಯೂಲರ್ಟ್ಸ್ ಸ್ಟೋರ್ಮರ್ ಜನಿಸಿದ್ದು 1874ರ ಸೆಪ್ಟೆಂಬರ್ 3ರಂದು, ದಕ್ಷಿಣ ನಾರ್ವೆಯ ಷೀನ್ ಪಟ್ಟಣದಲ್ಲಿ. ನಾಟಕಕಾರ ಹೆನ್ರಿಕ್ ಇಬ್ಸನ್ ಹುಟ್ಟಿದ ಊರೂ ಅದೇ. ತಂದೆ ಔಷಧ ವ್ಯಾಪಾರಿ. ಕಾರ್ಲ್ ಒಬ್ಬನೇ ಮಗ. ಬಾಲಕನಿಗೆ ಮೊದಲು ಹತ್ತಿದ ಹುಚ್ಚು ಸಸ್ಯಶಾಸ್ತ್ರದ್ದು. ಕುಟುಂಬ ರಾಜಧಾನಿ ಕ್ರಿಸ್ಟಿಯಾನಿಯಾಕ್ಕೆ, ಇಂದಿನ ಓಸ್ಲೋಗೆ, ನೆಲೆ ಬದಲಿಸಿದ ಮೇಲೆ ಆಸಕ್ತಿ ಗಣಿತದತ್ತ ಹೊರಳಿತು. ಗಿಡಮೂಲಿಕೆಗಳ ಮೇಲಿನ ಮೋಹ ಮಾತ್ರ ಕೊನೆಯವರೆಗೂ ಉಳಿಯಿತು. 1892ರಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವ ಹೊತ್ತಿಗೇ ಅವರ ಮೊದಲ ಗಣಿತ ಪ್ರಬಂಧ ಅಚ್ಚಾಗಿತ್ತು.

ವಿದ್ಯಾರ್ಥಿ ದೆಸೆಯ ಇನ್ನೊಂದು ಚಟ ಸ್ವಾರಸ್ಯಕರ. ಅಂಗಿಯ ಮೇಲಿನ ವೇಸ್ಟ್‌ಕೋಟಿನೊಳಗೆ ತಟ್ಟೆಯಾಕಾರದ ಪುಟ್ಟ ಕ್ಯಾಮೆರಾ ಬಚ್ಚಿಟ್ಟು, ಅದರ ಮಸೂರವನ್ನು ಗುಂಡಿಯ ರಂಧ್ರದಿಂದ ಇಣುಕಿಸಿ, ಕಾರ್ಲ್ ಯೋಹಾನ್ ಬೀದಿಯಲ್ಲಿ ಎದುರಾದವರ ಚಿತ್ರ ತೆಗೆಯುತ್ತಿದ್ದರು. ಟೊಪ್ಪಿ ಎತ್ತಿ ವಂದಿಸುವ ಗೃಹಸ್ಥರು, ನಗುವ ತರುಣಿಯರು, ಇಬ್ಸನ್ ಸಹ ಆ ಚಿತ್ರಗಳಲ್ಲಿದ್ದಾರೆ. ಕ್ಯಾಮೆರಾ ಮುಂದೆ ಉಸಿರು ಬಿಗಿಹಿಡಿದು ನಿಲ್ಲುವುದೇ ರೂಢಿಯಾಗಿದ್ದ ಕಾಲದಲ್ಲಿ ಜನರ ಸಹಜ ಮುಖಭಾವ ದಾಖಲಾದದ್ದು ಹೀಗೆ. ಇಂದಾದರೆ ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗುತ್ತಿತ್ತು ಎಂಬುದು ಬೇರೆ ಮಾತು. ಚಲಿಸುವ ವಸ್ತುವನ್ನು ಕ್ಷಣಾರ್ಧದಲ್ಲಿ ಹಿಡಿಯುವ ಈ ಕೈಚಳಕ ಹದಿನೈದು ವರ್ಷಗಳ ನಂತರ ಅನಿರೀಕ್ಷಿತವಾಗಿ ಉಪಯೋಗಕ್ಕೆ ಬಂತು.

ಪ್ಯಾರಿಸ್ಸಿನಲ್ಲಿ ಪ್ವಾಂಕಾರೆಯಂಥ ಘಟಾನುಘಟಿಗಳ ಪಾಠ ಕೇಳಿ ಬಂದ ಸ್ಟೋರ್ಮರ್ 1903ರಲ್ಲಿ, ತಮ್ಮ 29ನೇ ವಯಸ್ಸಿಗೆ, ಕ್ರಿಸ್ಟಿಯಾನಿಯಾ ವಿಶ್ವವಿದ್ಯಾಲಯದಲ್ಲಿ ಶುದ್ಧ ಗಣಿತದ ಪ್ರಾಧ್ಯಾಪಕರಾದರು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಆ ಪೀಠದಲ್ಲಿದ್ದರು. ಸಂಖ್ಯಾಶಾಸ್ತ್ರದ ನೆರವಿಲ್ಲದೆ ಸಂಖ್ಯೆಗಳ ಒಳಗುಣವನ್ನೇ ಶೋಧಿಸುವ ಸಂಖ್ಯಾಸಿದ್ಧಾಂತ ಅವರ ಕ್ಷೇತ್ರ. ಅಲ್ಲಿ ಅವರ ಹೆಸರಿನ ಪ್ರಮೇಯವೊಂದು ಇಂದಿಗೂ ಬಳಕೆಯಲ್ಲಿದೆ. ಅದೇ ಹಾದಿಯಲ್ಲಿ ನಡೆದಿದ್ದರೆ ಗಣಿತಜ್ಞರ ವಲಯದಾಚೆ ಅವರ ಹೆಸರು ಯಾರಿಗೂ ತಿಳಿಯುತ್ತಿರಲಿಲ್ಲ.

ಹಾದಿ ತಪ್ಪಿಸಿದವರು ಸಹೋದ್ಯೋಗಿ ಕ್ರಿಸ್ಟಿಯಾನ್ ಬಿರ್ಕೆಲೆಂಡ್. ಗಾಳಿ ತೆಗೆದ ಗಾಜಿನ ಪೆಟ್ಟಿಗೆಯಲ್ಲಿ ಅಯಸ್ಕಾಂತವನ್ನೊಳಗೊಂಡ ಗೋಲವೊಂದನ್ನು ಪುಟ್ಟ ಭೂಮಿಯಂತೆ ತೂಗುಹಾಕಿ, ಅದರತ್ತ ಕ್ಯಾಥೋಡ್ ಕಿರಣಗಳನ್ನು ಹರಿಸಿದಾಗ ಗೋಲದ ಎರಡು ಧ್ರುವಗಳ ಸುತ್ತ ಬೆಳಕಿನ ಪಟ್ಟಿಗಳು ಮೂಡುವುದನ್ನು ಬಿರ್ಕೆಲೆಂಡ್ ತೋರಿಸಿದ್ದರು. ಸೂರ್ಯನಿಂದ ಹೊರಟ ವಿದ್ಯುತ್ ಕಣಗಳನ್ನು ಭೂಮಿಯ ಕಾಂತಕ್ಷೇತ್ರ ಧ್ರುವಗಳತ್ತ ಎಳೆದು ತರುತ್ತದೆ ಎಂಬುದು ಅವರ ವಾದ. ಅದನ್ನು ಒಪ್ಪದವರು ಬಹಳ ಮಂದಿ. ವಾದಕ್ಕೆ ಗಣಿತದ ಬೆನ್ನೆಲುಬು ಬೇಕಿತ್ತು. ಸ್ಟೋರ್ಮರ್ ಆ ಹೊಣೆ ಹೊತ್ತರು.

ಲೆಕ್ಕ ಕೈಕೊಟ್ಟ ಬಗೆ

ಕಾಂತಕ್ಷೇತ್ರದಲ್ಲಿ ಓಡುವ ಒಂದೇ ಒಂದು ಕಣದ ಹಾದಿ ಯಾವುದು? ಪ್ರಶ್ನೆ ಸರಳ. ಆದರೆ ಉತ್ತರಕ್ಕೆ ಸಿದ್ಧ ಸೂತ್ರವಿಲ್ಲ. ಹೆಜ್ಜೆ ಹೆಜ್ಜೆಗೂ ಅಂಕಿಗಳನ್ನು ಹಾಕಿ ಮುಂದಿನ ಹೆಜ್ಜೆ ಹುಡುಕಬೇಕು. ಗಣಕಯಂತ್ರಗಳಿಲ್ಲದ ಆ ದಿನಗಳಲ್ಲಿ ಸ್ಟೋರ್ಮರ್ ಮತ್ತು ಅವರ ವಿದ್ಯಾರ್ಥಿಗಳು ಸಾವಿರಾರು ಗಂಟೆ ಕೈಲೆಕ್ಕ ಮಾಡಿದರು. ಲೆಕ್ಕ ಮಾಡಿದ ಹಾದಿಗಳನ್ನು ತಂತಿಯಲ್ಲಿ ಬಾಗಿಸಿ ಮಾದರಿಗಳನ್ನೂ ನಿರ್ಮಿಸಿದರು.

ಫಲಿತಾಂಶದಲ್ಲಿ ಎರಡು ಮುಖ್ಯ ಸಂಗತಿಗಳಿದ್ದವು. ಹೊರಗಿನಿಂದ ಬರುವ ಕಣ ತನ್ನ ಶಕ್ತಿಗೆ ತಕ್ಕಂತೆ ಭೂಮಿಯ ಕೆಲವು ಭಾಗಗಳನ್ನು ಮಾತ್ರ ತಲುಪಬಲ್ಲದು. ಉಳಿದೆಡೆ ಅದಕ್ಕೆ ನಿಷಿದ್ಧ ಪ್ರದೇಶ. ಇನ್ನು ಕೆಲವು ಕಣಗಳು ಕಾಂತಕ್ಷೇತ್ರದೊಳಗೇ ಸಿಕ್ಕಿಬಿದ್ದು ಉತ್ತರಕ್ಕೂ ದಕ್ಷಿಣಕ್ಕೂ ಉಯ್ಯಾಲೆಯಾಡುತ್ತಾ ಇರಬಲ್ಲವು.

ತೊಡಕು ಇದ್ದದ್ದು ಇಲ್ಲಿ. ಲೆಕ್ಕದ ಪ್ರಕಾರ ಧ್ರುವಪ್ರಭೆ ಕಾಂತಧ್ರುವದ ತೀರಾ ಸಮೀಪದಲ್ಲಿ, ಕೆಲವೇ ಡಿಗ್ರಿಗಳ ಅಂತರದಲ್ಲಿ ಕಾಣಬೇಕು. ವಾಸ್ತವವಾಗಿ ಅದು ಹೆಚ್ಚಾಗಿ ಕಾಣುವುದು ಧ್ರುವದಿಂದ ಸುಮಾರು 23 ಡಿಗ್ರಿ ದೂರದಲ್ಲಿ. ಈ ಅಂತರವನ್ನು ತುಂಬಲು ಭೂಮಿಯ ಸಮಭಾಜಕದ ಮೇಲೆ, ಬಹು ದೂರದಲ್ಲಿ, ಉಂಗುರದಂತೆ ಹರಿಯುವ ವಿದ್ಯುತ್ ಪ್ರವಾಹವೊಂದಿದೆ ಎಂದು ಸ್ಟೋರ್ಮರ್ ಊಹಿಸಿದರು. ಇನ್ನೊಂದೆಡೆ, ಒಂದೇ ಬಗೆಯ ವಿದ್ಯುದಂಶ ಹೊತ್ತ ಕಣಗಳ ಹೊನಲು ಪರಸ್ಪರ ವಿಕರ್ಷಣೆಯಿಂದ ದಾರಿಯಲ್ಲೇ ಚದುರಿಹೋಗುತ್ತದೆ ಎಂದು ಬ್ರಿಟನ್ನಿನ ಆರ್ಥರ್ ಶುಸ್ಟರ್ 1911ರಲ್ಲಿ ಆಕ್ಷೇಪಿಸಿದರು. ಆ ಆಕ್ಷೇಪಣೆಗೆ ಬಲವಾದ ಸಮಾಧಾನ ಸ್ಟೋರ್ಮರ್ ಬಳಿ ಇರಲಿಲ್ಲ. ಬಿರ್ಕೆಲೆಂಡ್ 1917ರ ಜೂನ್‌ನಲ್ಲಿ ಟೋಕಿಯೊದ ಹೋಟೆಲೊಂದರಲ್ಲಿ ನಿಧನರಾದರು. 1930ರ ದಶಕದಲ್ಲಿ ಸಿಡ್ನಿ ಚಾಪ್ಮನ್ ಮತ್ತು ಫೆರಾರೊ ಧನ ಹಾಗೂ ಋಣ ಕಣಗಳು ಬೆರೆತ ಹೊನಲಿನ ಸಿದ್ಧಾಂತ ಮುಂದಿಟ್ಟ ಬಳಿಕ ಒಂಟಿ ಕಣದ ಲೆಕ್ಕ ಧ್ರುವಪ್ರಭೆಯ ಮಟ್ಟಿಗೆ ಹಿಂದೆ ಸರಿಯಿತು.

ದೂರವಾಣಿಯ ಎರಡು ತುದಿಗಳಲ್ಲಿ

ಲೆಕ್ಕ ಏನೇ ಹೇಳಲಿ, ವಸ್ತುವನ್ನು ಅಳೆಯಲೇಬೇಕೆಂಬ ಹಠ ಸ್ಟೋರ್ಮರ್ ಅವರದು. ಧ್ರುವಪ್ರಭೆ ಮಂದ ಬೆಳಕಿನದು, ಮೇಲಾಗಿ ಚಂಚಲ. ದೀರ್ಘಕಾಲ ತೆರೆದಿಟ್ಟ ಕ್ಯಾಮೆರಾದಲ್ಲಿ ಅದು ಮಸುಕು ಮೋಡದಂತೆ ಕಾಣುತ್ತಿತ್ತು. ಸಹಾಯಕ ಓಲೆ ಕ್ರೊಗ್ನೆಸ್ ಜೊತೆಗೂಡಿ ಹೆಚ್ಚು ಬೆಳಕು ಹೀರುವ ಮಸೂರದ ಕ್ಯಾಮೆರಾವನ್ನು ಅವರು ರೂಪಿಸಿದರು. 1910ರಲ್ಲಿ ಉತ್ತರ ನಾರ್ವೆಯ ಬೊಸ್ಸೆಕೊಪ್‌ಗೆ ತಂಡ ಕಟ್ಟಿಕೊಂಡು ಹೋದರು.

ವಿಧಾನ ನಮ್ಮ ಭೂಮಾಪಕರದ್ದೇ. ಕೆಲವು ಕಿಲೋಮೀಟರ್ ಅಂತರದ ಎರಡು ಠಾಣೆಗಳು, ನಡುವೆ ದೂರವಾಣಿ ತಂತಿ. ಒಂದೆಡೆಯಿಂದ ಸೂಚನೆ ಬಂದೊಡನೆ ಎರಡೂ ಕಡೆ ಒಂದೇ ಕ್ಷಣಕ್ಕೆ, ಒಂದೇ ನಕ್ಷತ್ರದತ್ತ ಕ್ಯಾಮೆರಾ ತೆರೆಯಬೇಕು. ಎರಡು ಚಿತ್ರಗಳಲ್ಲಿ ಹಿನ್ನೆಲೆಯ ನಕ್ಷತ್ರಗಳು ಕದಲುವುದಿಲ್ಲ. ಪ್ರಭೆ ಮಾತ್ರ ಸ್ಥಳಾಂತರಗೊಂಡಿರುತ್ತದೆ. ಆ ವ್ಯತ್ಯಾಸದಿಂದ ಎತ್ತರ ಸಿಗುತ್ತದೆ. ಕೊರೆಯುವ ಚಳಿಯಲ್ಲಿ, ಕೈಬೆರಳು ಮರಗಟ್ಟುವ ಕತ್ತಲಲ್ಲಿ ಇದನ್ನು ನೂರಾರು ಬಾರಿ ಮಾಡಬೇಕಿತ್ತು. 1913ರಲ್ಲಿ ಮತ್ತೆ ಬೊಸ್ಸೆಕೊಪ್‌ಗೆ ತೆರಳಿದಾಗ ಠಾಣೆಗಳ ಅಂತರವನ್ನು 27 ಕಿಲೋಮೀಟರಿಗೂ ಮಿಗಿಲಾಗಿ ಹಿಗ್ಗಿಸಿದ್ದರು. ನಂತರದ ದಶಕಗಳಲ್ಲಿ ದಕ್ಷಿಣ ನಾರ್ವೆಯುದ್ದಕ್ಕೂ ಠಾಣೆಗಳ ಜಾಲವೇ ಹರಡಿತು. ಹತ್ತಾರು ಸಾವಿರ ಚಿತ್ರಗಳು ಸಂಗ್ರಹವಾದವು.

ಸಾಮಾನ್ಯ ಧ್ರುವಪ್ರಭೆಯ ಕೆಳ ಅಂಚು ನೆಲದಿಂದ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿರುತ್ತದೆ ಎಂಬುದು ಹೀಗೆ ಖಚಿತವಾಯಿತು. ಬೆಟ್ಟದ ನೆತ್ತಿಗೆ ತಾಗುವಂತೆ ಅದು ಇಳಿಯುತ್ತದೆ ಎಂಬ ಹಳೆಯ ನಂಬಿಕೆಗಳು ಅಲ್ಲಿಗೆ ಮುಗಿದವು. ಸೂರ್ಯನ ಬೆಳಕು ಬೀಳುತ್ತಿರುವ ಎತ್ತರದಲ್ಲಿ ಪ್ರಭೆಯ ಕಿರಣಗಳು ಸುಮಾರು 1,000 ಕಿಲೋಮೀಟರ್‌ವರೆಗೂ ಚಾಚುತ್ತವೆ ಎಂಬುದೂ ಅವರ ಶೋಧ.

ರೇಡಿಯೊ ಹವ್ಯಾಸಿಗಳಿಗೆ ಈ 100 ಕಿಲೋಮೀಟರ್ ಬಹುಮುಖ್ಯ ಅಂಕಿ. 50 ಅಥವಾ 144 ಮೆಗಾಹರ್ಟ್ಸ್‌ನ ಅಲೆಗಳು ಸಾಮಾನ್ಯವಾಗಿ ದಿಗಂತದಾಚೆ ಹೆಚ್ಚು ದೂರ ಸಾಗವು. ಧ್ರುವಪ್ರಭೆ ಎದ್ದಾಗ ಆ ಎತ್ತರದ ಗಾಳಿ ಅಯಾನುಗಳಿಂದ ತುಂಬಿ ಅಲೆಗಳನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಉತ್ತರ ದೇಶಗಳ ಹ್ಯಾಮ್‌ಗಳು ಮಾತಾಡಬೇಕಾದವರ ದಿಕ್ಕು ಬಿಟ್ಟು ಆಂಟೆನಾವನ್ನು ಉತ್ತರಕ್ಕೆ ತಿರುಗಿಸಿ, ನೂರಾರು ಕಿಲೋಮೀಟರ್ ದೂರದವರನ್ನು ತಲುಪುತ್ತಾರೆ. ಚಲಿಸುವ ಪರದೆಗೆ ಬಡಿದು ಬಂದ ಧ್ವನಿ ಕರ್ಕಶವಾಗಿ ಒಡೆದಿರುವುದರಿಂದ ಮಾತು ಅಸ್ಪಷ್ಟ; ಮೋರ್ಸ್ ಸಂಕೇತವೇ ಗತಿ. ಅದೇ ವೇಳೆ ಧ್ರುವದ ಮೂಲಕ ಹಾಯಬೇಕಾದ ಶಾರ್ಟ್‌ವೇವ್ ಅಲೆಗಳು ಹೀರಿಹೋಗಿ ಸಂಪರ್ಕ ಕಡಿಯುತ್ತದೆ. ಪ್ರಭೆ ಎಲ್ಲಿದೆ ಎಂಬುದು ಮೊದಲೇ ಗೊತ್ತಿದ್ದರೆ ಎರಡಕ್ಕೂ ಸಿದ್ಧರಾಗಬಹುದು.

ಮೂರು ಸೆಕೆಂಡಿನ ಪ್ರತಿಧ್ವನಿ

ಸ್ಟೋರ್ಮರ್ ಅವರಿಗೆ ರೇಡಿಯೊ ಹವ್ಯಾಸದ ನೇರ ನಂಟು ಒದಗಿದ್ದು ಯೋರ್ಗೆನ್ ಹಾಲ್ಸ್ ಎಂಬ ಎಂಜಿನಿಯರ್ ಮೂಲಕ. ಓಸ್ಲೋ ಬಳಿಯ ಬಿಗ್ಡೊಯ್‌ನಲ್ಲಿ ಮನೆಯಲ್ಲೇ ಶಾರ್ಟ್‌ವೇವ್ ಆಲಿಸುತ್ತಿದ್ದ ಹಾಲ್ಸ್‌ಗೆ 1927ರಲ್ಲಿ ವಿಚಿತ್ರ ಅನುಭವವಾಯಿತು. ಹಾಲೆಂಡಿನ ಐಂಡ್‌ಹೋವನ್ನಿನ ಫಿಲಿಪ್ಸ್ ಪ್ರಸಾರ ಕೇಂದ್ರದ ಸಂಕೇತ ಕೇಳಿದ ಸುಮಾರು ಮೂರು ಸೆಕೆಂಡುಗಳ ಬಳಿಕ ಅದೇ ಸಂಕೇತ ಕ್ಷೀಣವಾಗಿ ಮತ್ತೆ ಕೇಳಿಸುತ್ತಿತ್ತು. ರೇಡಿಯೊ ಅಲೆ ಭೂಮಿಯನ್ನು ಒಂದು ಸುತ್ತು ಹಾಕಲು ಸೆಕೆಂಡಿನ ಏಳನೇ ಒಂದು ಭಾಗ ಸಾಕು. ಮೂರು ಸೆಕೆಂಡು ಎಂದರೆ ಹೋಗಿ ಬರುವ ದಾರಿ 9 ಲಕ್ಷ ಕಿಲೋಮೀಟರ್. ಅಂದರೆ ಅದು ತಿರುಗಿದ ಜಾಗ ಚಂದ್ರನಿಗಿಂತಲೂ ಆಚೆ.

ಹವ್ಯಾಸಿಯೊಬ್ಬರ ಭ್ರಮೆ ಎಂದು ತಳ್ಳಿಹಾಕುವುದು ಪ್ರಾಧ್ಯಾಪಕರಿಗೆ ಸುಲಭವಿತ್ತು. ಸ್ಟೋರ್ಮರ್ ಹಾಗೆ ಮಾಡಲಿಲ್ಲ. ಫಿಲಿಪ್ಸ್‌ನ ವಿಜ್ಞಾನಿ ಬಾಲ್ತಜಾರ್ ವಾನ್ ಡೆರ್ ಪೋಲ್ ಅವರೊಂದಿಗೆ ಮಾತನಾಡಿ ವಿಶೇಷ ಸಂಕೇತಗಳ ಪ್ರಸಾರಕ್ಕೆ ಏರ್ಪಾಡು ಮಾಡಿದರು. 1928ರ ಅಕ್ಟೋಬರ್ 11ರಂದು ಹಾಲ್ಸ್ ಮತ್ತು ಸ್ಟೋರ್ಮರ್ ಇಬ್ಬರೂ 3ರಿಂದ 15 ಸೆಕೆಂಡು ತಡವಾದ ಪ್ರತಿಧ್ವನಿಗಳನ್ನು ಕೇಳಿದರು. ಅದೇ ವರ್ಷ ನೇಚರ್ ಪತ್ರಿಕೆಯಲ್ಲಿ ವರದಿ ಪ್ರಕಟವಾಯಿತು. ತಮ್ಮ ಲೆಕ್ಕದಲ್ಲಿ ಮೂಡಿದ್ದ ಕಣಗಳ ಹೊನಲಿನ ಗೋಡೆಗಳಿಗೆ ಬಡಿದು ಅಲೆಗಳು ಮರಳಿರಬೇಕೆಂದು ಅವರು ವಿವರಿಸಿದರು. ಆ ವಿವರಣೆ ನಿಲ್ಲಲಿಲ್ಲ. ಬೇರೆ ವಿವರಣೆಗಳು ಹಲವು ಬಂದವು, ಎಲ್ಲರೂ ಒಪ್ಪಿದ್ದು ಒಂದೂ ಇಲ್ಲ. ಹ್ಯಾಮ್‌ಗಳು ಇಂದಿಗೂ ಅಪರೂಪಕ್ಕೊಮ್ಮೆ ಇಂಥ ಪ್ರತಿಧ್ವನಿ ಕೇಳಿದ್ದಾಗಿ ವರದಿ ಮಾಡುತ್ತಿರುತ್ತಾರೆ.

ಬೆಂಗಳೂರಿಗೆ ಬಂದ ನಿಷಿದ್ಧ ಪ್ರದೇಶ

ಧ್ರುವಪ್ರಭೆಗೆ ಹೊಂದದ ಲೆಕ್ಕಕ್ಕೆ 1930ರ ದಶಕದಲ್ಲಿ ಹೊಸ ಆಶ್ರಯ ದೊರೆಯಿತು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಧ್ರುವಗಳತ್ತ ಹೆಚ್ಚು, ಸಮಭಾಜಕದತ್ತ ಕಡಿಮೆ ಎಂಬುದು ಪತ್ತೆಯಾಗಿತ್ತು. ಅಪಾರ ಶಕ್ತಿಯ ಈ ಕಣಗಳು ವಿರಳವಾದ್ದರಿಂದ ಒಂಟಿ ಕಣದ ಲೆಕ್ಕ ಇಲ್ಲಿ ಸೊಗಸಾಗಿ ಒಪ್ಪಿತು. ಲಮೇತ್ರ್ ಮತ್ತು ವಲ್ಲಾರ್ತ 1933ರಲ್ಲಿ ಸ್ಟೋರ್ಮರ್ ಸಿದ್ಧಾಂತವನ್ನು ವಿಶ್ವಕಿರಣಗಳಿಗೆ ಅನ್ವಯಿಸಿದರು.

ಕರ್ನಾಟಕಕ್ಕೂ ಈ ಕಥೆ ತಾಗುವುದು ಇಲ್ಲಿಯೇ. ಭೂಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಸಮೀಪ ಹಾದುಹೋಗುತ್ತದೆ. ಆದ್ದರಿಂದ ದಕ್ಷಿಣ ಭಾರತದ ಆಕಾಶ ಕಡಿಮೆ ಶಕ್ತಿಯ ಕಣಗಳಿಗೆ ನಿಷಿದ್ಧ ಪ್ರದೇಶ. ಅತಿ ಬಲಿಷ್ಠ ಕಣಗಳಿಗಷ್ಟೇ ಪ್ರವೇಶ. ನೊಬೆಲ್ ಪುರಸ್ಕೃತ ರಾಬರ್ಟ್ ಮಿಲಿಕನ್ 1939-40ರ ಚಳಿಗಾಲದಲ್ಲಿ ತಮ್ಮ ತಂಡದೊಂದಿಗೆ ಭಾರತಕ್ಕೆ ಬಂದು ಆಗ್ರಾ, ಪೆಷಾವರಗಳಂತೆ ಬೆಂಗಳೂರಿನಿಂದಲೂ ಉಪಕರಣ ಹೊತ್ತ ಬಲೂನುಗಳನ್ನು ಹಾರಿಸಿದ್ದು ಇದೇ ಕಾರಣಕ್ಕೆ. ಅದೇ ಕಾಲದಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ಹೋಮಿ ಭಾಭಾ ವಿಶ್ವಕಿರಣಗಳ ಅಧ್ಯಯನದಲ್ಲಿದ್ದರು. ತರುಣ ವಿಕ್ರಮ್ ಸಾರಾಭಾಯಿ ಸಹ ಅಲ್ಲಿಯೇ ಆ ವಿಷಯ ಕೈಗೆತ್ತಿಕೊಂಡರು. ಸ್ಟೋರ್ಮರ್ ಬೆಂಗಳೂರಿನ ಪ್ರಯೋಗಾಲಯಗಳಿಗೆ ತಲುಪಿದ್ದು ತಮ್ಮ ಸಮೀಕರಣಗಳ ರೂಪದಲ್ಲಿ.

1936ರಲ್ಲಿ ಓಸ್ಲೋದಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತಜ್ಞರ ಸಮ್ಮೇಳನದ ಅಧ್ಯಕ್ಷತೆ ಅವರದಾಗಿತ್ತು. ಫೀಲ್ಡ್ಸ್ ಪದಕಗಳು ಮೊದಲ ಬಾರಿ ಪ್ರದಾನವಾದದ್ದು ಅಲ್ಲಿಯೇ. 1955ರಲ್ಲಿ, 80 ದಾಟಿದ ವಯಸ್ಸಿನಲ್ಲಿ, ಅವರು ತಮ್ಮ ಅರ್ಧ ಶತಮಾನದ ಅಳತೆ ಮತ್ತು ಲೆಕ್ಕಗಳನ್ನು ಒಂದು ಗ್ರಂಥದಲ್ಲಿ ಒಟ್ಟುಗೂಡಿಸಿದರು.

ಜಗತ್ತಿನ ಹತ್ತಾರು ದೇಶಗಳು ಕೈಜೋಡಿಸಿದ ಅಂತರರಾಷ್ಟ್ರೀಯ ಭೂಭೌತ ವರ್ಷ 1957ರ ಜುಲೈ 1ರಂದು ಆರಂಭವಾಯಿತು. ಇಡೀ ಆಕಾಶವನ್ನು ಒಮ್ಮೆಗೇ ಹಿಡಿಯುವ ಕ್ಯಾಮೆರಾಗಳು ಧ್ರುವ ಪ್ರದೇಶದುದ್ದಕ್ಕೂ ಸಾಲಾಗಿ ನಿಂತವು. ಅವುಗಳ ಚಿತ್ರಗಳಿಂದಲೇ ರಷ್ಯಾದ ಯಾಕೋವ್ ಫೆಲ್ಡ್‌ಸ್ಟೈನ್ 1960ರ ದಶಕದಲ್ಲಿ ಇಂದಿನ ನಕ್ಷೆಗಳಲ್ಲಿ ಕಾಣುವ ಅಂಡಾಕಾರದ ಪ್ರಭಾವಲಯವನ್ನು ಗುರುತಿಸಿದರು. ಸ್ಟೋರ್ಮರ್ ಆ ವರ್ಷಾಚರಣೆಯ ಮೊದಲ ಆರು ವಾರಗಳನ್ನಷ್ಟೇ ಕಂಡರು. 1957ರ ಆಗಸ್ಟ್ 13ರಂದು ಓಸ್ಲೋದಲ್ಲಿ ಅವರು ಕೊನೆಯುಸಿರೆಳೆದರು. ಅಕ್ಟೋಬರ್ 4ರಂದು ಸ್ಪುಟ್ನಿಕ್ ಮೇಲೇರಿತು, ಜಗತ್ತಿನಾದ್ಯಂತ ಹ್ಯಾಮ್‌ಗಳು ತಮ್ಮ ರಿಸೀವರ್‌ಗಳಲ್ಲಿ ಅದರ ಬೀಪ್ ಸದ್ದನ್ನು ಆಲಿಸಿದರು. ಮರುವರ್ಷ ಅಮೆರಿಕದ ಎಕ್ಸ್‌ಪ್ಲೋರರ್ ಉಪಗ್ರಹದ ಉಪಕರಣಗಳಿಂದ ಜೇಮ್ಸ್ ವಾನ್ ಅಲೆನ್ ಭೂಮಿಯ ಸುತ್ತ ಸಿಕ್ಕಿಬಿದ್ದ ಕಣಗಳ ಪಟ್ಟಿಗಳನ್ನು ಪತ್ತೆಹಚ್ಚಿದರು. ಆ ಕಣಗಳು ಉತ್ತರಕ್ಕೂ ದಕ್ಷಿಣಕ್ಕೂ ಉಯ್ಯಾಲೆಯಾಡುತ್ತಿದ್ದವು. ಸಮಭಾಜಕದ ಮೇಲಿನ ಉಂಗುರ ಪ್ರವಾಹವೂ ನಂತರದ ಉಪಗ್ರಹಗಳ ಅಳತೆಗೆ ಸಿಕ್ಕಿತು.