ಜನಿವಾರ ತೊಟ್ಟ ಶರೀಫರು

ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ 1819ರಲ್ಲಿ ಇಮಾಮ್ ಸಾಹೇಬರ ಮಗನಾಗಿ ಹುಟ್ಟಿದವರು ಶರೀಫರು. ಕೆಲಕಾಲ ಶಾಲೆ ಮಾಸ್ತರಿಕೆ ಮಾಡಿದರು. ಆದ್ರೆ ತಾನು ಯಾರು ಅನ್ನೋ ಪ್ರಶ್ನೆ ಬಿಡಲಿಲ್ಲ, ನೌಕರಿಯನ್ನೇ ಬಿಟ್ಟರು.

ಗುರುವಾಗಿ ಸಿಕ್ಕವರು ಕಳಸದ ಗೋವಿಂದ ಭಟ್ಟರು. ಅಪ್ಪ ಯಾರು ಅಂತ ಭಟ್ಟರು ಕೇಳಿದಾಗ, ಇಬ್ಬರಿಗೂ ಅಪ್ಪ ಒಬ್ಬನೇ ಅಂದ್ರಂತೆ ಶರೀಫರು. ಭಟ್ಟರು ಶಿಷ್ಯನಿಗೆ ಜನಿವಾರ ಹಾಕಿದ್ರು ಅಂತ ಜನ ಇವತ್ತಿಗೂ ಹೇಳ್ತಾರೆ. ಬ್ರಾಹ್ಮಣರೂ ಸಿಟ್ಟಾದರು, ಮುಸ್ಲಿಮರೂ ಸಿಟ್ಟಾದರು. ಶರೀಫರು ಹೆಸರನ್ನೂ ಬದಲಿಸಲಿಲ್ಲ, ಗುರುವನ್ನೂ ಬಿಡಲಿಲ್ಲ. ಅದೇ ಕಷ್ಟದ ದಾರಿ.

ಪದಗಳಲ್ಲೂ ಬೇರೆಯವರನ್ನಷ್ಟೇ ಜರಿಯಲಿಲ್ಲ. ಸೋರೋ ಮಾಳಿಗೆ ಅಂತ ಹಾಡಿದ್ದು ಅಜ್ಞಾನ ತುಂಬಿದ ಮನಸ್ಸಿನ ಬಗ್ಗೆ.

1889ರಲ್ಲಿ ತೀರಿಕೊಂಡರು. ಶಿಶುನಾಳದ ಗದ್ದುಗೆಗೆ ಈಗಲೂ ಎರಡೂ ಧರ್ಮದವರು ಬರ್ತಾರೆ.