ಕಪ್ತಾನ ಫಿಟ್ಜ್‌ರಾಯ್



ಕಡಲು ಪ್ರಕ್ಷುಬ್ಧವಾಗುವ ಸಂಭವವಿದೆ, ಮೀನುಗಾರರು ಕಡಲಿಗೆ ಇಳಿಯಬಾರದು ಎಂಬ ಸೂಚನೆಯನ್ನು ಮಳೆಗಾಲದಲ್ಲಿ ನೀವೆಲ್ಲರೂ ಕೇಳಿರುತ್ತೀರಿ. ಕಡಪ್ಪುರದಿಂದ ನಮ್ಮ ಶಾಲೆಗೆ ಬರುವ ಮಕ್ಕಳಿಗಂತೂ ಇದು ತೀರ ಪರಿಚಿತವಾದ ಮಾತು. ಆ ದಿನ ಮನೆಯಲ್ಲಿ ಸಂಪಾದನೆ ಇಲ್ಲ, ಆದರೆ ತಂದೆ ಮನೆಯಲ್ಲಿದ್ದಾರೆ. ಇಂತಹ ಸೂಚನೆಯನ್ನು ಕೊಡುವ ಪದ್ಧತಿಯನ್ನು ಬ್ರಿಟನ್ನಿನಲ್ಲಿ ಮೊದಲು ಕಟ್ಟಿ ನಿಲ್ಲಿಸಿದವನು ಒಬ್ಬ ನೌಕಾಧಿಕಾರಿ. ಆತನ ಹೆಸರು ರಾಬರ್ಟ್ ಫಿಟ್ಜ್‌ರಾಯ್. ಚಾರ್ಲ್ಸ್ ಡಾರ್ವಿನ್ನನ ಹೆಸರನ್ನು ಜೀವಶಾಸ್ತ್ರದ ಪಾಠದಲ್ಲಿ ಓದುತ್ತೇವೆ. ಡಾರ್ವಿನ್ನನನ್ನು ಲೋಕ ಸುತ್ತಿಸಿ ತಂದ ಹಡಗಿನ ಕಪ್ತಾನನನ್ನು ನೆನೆಯುವವರು ಕಡಿಮೆ.

ಫಿಟ್ಜ್‌ರಾಯ್ ಜನಿಸಿದ್ದು 1805ರ ಜುಲೈ 5ರಂದು, ಇಂಗ್ಲೆಂಡಿನ ಸಫೊಕ್ ಪ್ರಾಂತದಲ್ಲಿ. ಆತನದು ದೊಡ್ಡ ಮನೆತನ. ರಾಜ ಎರಡನೆಯ ಚಾರ್ಲ್ಸನ ವಂಶದ ಕವಲು. ಹನ್ನೆರಡನೆಯ ವಯಸ್ಸಿನಲ್ಲಿಯೇ ಪೋರ್ಟ್ಸ್‌ಮತ್ತಿನ ನೌಕಾ ವಿದ್ಯಾಲಯವನ್ನು ಸೇರಿದನು. ಮುಂದೆ ಲೆಫ್ಟಿನೆಂಟ್ ಪದವಿಯ ಪರೀಕ್ಷೆಯಲ್ಲಿ ಪೂರ್ಣ ಅಂಕಗಳನ್ನು ಪಡೆದನು. ಅದುವರೆಗೆ ಯಾರೂ ಪಡೆಯದ ಅಂಕ ಅದು.

1828ರಲ್ಲಿ ಆತನಿಗೆ ಇಪ್ಪತ್ತಮೂರು ವರ್ಷ. ದಕ್ಷಿಣ ಅಮೇರಿಕದ ತುತ್ತತುದಿಯಲ್ಲಿ ಕರಾವಳಿಯ ನಕ್ಷೆ ತಯಾರಿಸುತ್ತಿದ್ದ ಬೀಗಲ್ ಎಂಬ ಪುಟ್ಟ ಹಡಗಿನ ಕಪ್ತಾನನು ಚಳಿ, ಮಂಜು, ಏಕಾಂತಗಳಿಂದ ಮನಸ್ಸು ಕದಡಿ ಪ್ರಾಣ ಕಳೆದುಕೊಂಡಿದ್ದನು. ಆ ಹಡಗಿನ ಅಧಿಕಾರ ಫಿಟ್ಜ್‌ರಾಯನ ಕೈಗೆ ಬಂತು. ತೊಂಬತ್ತು ಅಡಿ ಉದ್ದದ ಹಡಗು ಅದು. ಅಧಿಕಾರ ವಹಿಸಿಕೊಂಡ ಕೆಲವೇ ವಾರಗಳಲ್ಲಿ, 1829ರ ಜನವರಿಯಲ್ಲಿ, ಒಮ್ಮೆಲೆ ಎದ್ದ ಬಿರುಗಾಳಿಗೆ ಸಿಕ್ಕಿ ಹಡಗಿನ ಪಟಸ್ತಂಭಗಳು ಮುರಿದವು. ಇಬ್ಬರು ನಾವಿಕರು ಸತ್ತರು. ಗಾಳಿ ಏಳುವ ಮೊದಲೇ ವಾಯುಭಾರಮಾಪಕದ ಪಾದರಸ ಇಳಿದಿತ್ತು. ಅದರ ಮಾತನ್ನು ಕೇಳಲಿಲ್ಲವಲ್ಲ ಎಂಬ ಕೊರಗು ಆತನನ್ನು ಬಿಡಲಿಲ್ಲ. ಮುಂದಿನ ಕಥೆಗೆ ಬೀಜ ಇಲ್ಲಿದೆ.

ಈ ಮೊದಲ ಯಾನದಲ್ಲಿ ಇನ್ನೊಂದು ಘಟನೆ ನಡೆಯಿತು. ಟಿಯೆರಾ ಡೆಲ್ ಫ್ಯೂಗೊ ಎಂಬ ದ್ವೀಪಸ್ತೋಮದ ನಿವಾಸಿಗಳು ಹಡಗಿನ ಒಂದು ದೋಣಿಯನ್ನು ಕದ್ದರು. ಫಿಟ್ಜ್‌ರಾಯನು ಅವರಲ್ಲಿ ಕೆಲವರನ್ನು ಒತ್ತೆಯಾಗಿ ಹಿಡಿದನು. ಕೊನೆಗೆ ನಾಲ್ವರನ್ನು ಇಂಗ್ಲೆಂಡಿಗೇ ಕರೆದುಕೊಂಡು ಹೋದನು. ಅವರಲ್ಲಿ ಒಬ್ಬನು ಸಿಡುಬಿನಿಂದ ಸತ್ತನು. ಉಳಿದ ಮೂವರಲ್ಲಿ ಒಬ್ಬಳು ಸಣ್ಣ ಹುಡುಗಿ. ಇನ್ನೊಬ್ಬ ಜೆಮಿ ಬಟನ್ ಎಂಬ ಹುಡುಗ. ಒಂದು ಗುಂಡಿಯನ್ನು ಬೆಲೆಯಾಗಿ ಕೊಟ್ಟು ಆತನನ್ನು ಪಡೆದರೆಂದು ಆ ಹೆಸರು! ಅವರಿಗೆ ಇಂಗ್ಲಿಷ್ ಕಲಿಸಿದರು, ಬೂಟು ತೊಡಿಸಿದರು, ರಾಜ ರಾಣಿಯರಿಗೂ ತೋರಿಸಿದರು. ಖರ್ಚನ್ನೆಲ್ಲ ಫಿಟ್ಜ್‌ರಾಯನೇ ವಹಿಸಿದನು. ಅವರು ಹಿಂತಿರುಗಿ ತಮ್ಮ ಜನರನ್ನು ಸುಧಾರಿಸುವರೆಂಬುದು ಆತನ ನಂಬಿಕೆ. 1833ರಲ್ಲಿ ಜೆಮಿಯು ತನ್ನ ತೀರಕ್ಕೆ ಮರಳಿದಾಗ ಸ್ವಂತ ಭಾಷೆಯನ್ನು ಬಹುಮಟ್ಟಿಗೆ ಮರೆತಿದ್ದನು. ಒಡಹುಟ್ಟಿದವರ ಎದುರಿಗೆ ನಿಂತು ಮಾತಿಗೆ ತಡಕಾಡಿದನು. ಮರುವರ್ಷ ಬೀಗಲ್ ಮತ್ತೆ ಅಲ್ಲಿಗೆ ಹೋದಾಗ ಆತನು ಬೂಟು, ಅಂಗಿಗಳನ್ನು ಬಿಟ್ಟು ತನ್ನವರಂತೆಯೇ ಆಗಿದ್ದನು. ಇಂಗ್ಲೆಂಡಿಗೆ ಬರಲು ಒಪ್ಪಲಿಲ್ಲ. ಫಿಟ್ಜ್‌ರಾಯನ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆದರೂ ಗಡಿನಾಡಿನಲ್ಲಿ ಭಾಷೆ ಕಲಿಸುವ ನನಗೆ ಈ ಭಾಗವನ್ನು ಓದುವಾಗಲೆಲ್ಲ ಮನಸ್ಸು ಕಹಿಯಾಗುತ್ತದೆ.

ಎರಡನೆಯ ಯಾನ ಹೊರಟದ್ದು 1831ರ ಡಿಸೆಂಬರ್ 27ರಂದು. ಹಿಂದಿನ ಕಪ್ತಾನನ ಗತಿಯನ್ನು ಫಿಟ್ಜ್‌ರಾಯ್ ಮರೆತಿರಲಿಲ್ಲ. ಆತನ ಸೋದರಮಾವ, ಬ್ರಿಟನ್ನಿನ ವಿದೇಶಾಂಗ ಮಂತ್ರಿಯಾಗಿದ್ದ ಕ್ಯಾಸಲ್‌ರೇ, 1822ರಲ್ಲಿ ಅದೇ ರೀತಿ ಅಂತ್ಯ ಕಂಡಿದ್ದನು. ಆ ಕಾಲದ ಕಪ್ತಾನನು ಕೈಕೆಳಗಿನವರೊಂದಿಗೆ ಊಟಕ್ಕೆ ಕೂರುವಂತಿಲ್ಲ, ಮನಸ್ಸು ಬಿಚ್ಚಿ ಮಾತನಾಡುವಂತಿಲ್ಲ. ಆದುದರಿಂದ ವಿದ್ಯಾವಂತನಾದ ಒಬ್ಬ ಜತೆಗಾರ ಬೇಕೆಂದು ಆತನು ಹುಡುಕಿದನು. ಹಾಗೆ ಬಂದವನೇ ಇಪ್ಪತ್ತೆರಡು ವರ್ಷದ ಡಾರ್ವಿನ್. ಮುಖಲಕ್ಷಣದಿಂದ ಸ್ವಭಾವವನ್ನು ಅಳೆಯುತ್ತಿದ್ದ ಫಿಟ್ಜ್‌ರಾಯನಿಗೆ ಡಾರ್ವಿನ್ನನ ಮೂಗಿನ ಆಕಾರ ಮೊದಲಿಗೆ ಹಿಡಿಸಲಿಲ್ಲವಂತೆ. ಮೂಗು ಇನ್ನೊಂದು ತರಹ ಕಂಡಿದ್ದರೆ ವಿಜ್ಞಾನದ ಚರಿತ್ರೆ ಎಲ್ಲಿಗೆ ತಿರುಗುತ್ತಿತ್ತೋ!

ಐದು ವರ್ಷಗಳ ಕಾಲ ಇಬ್ಬರೂ ಒಂದೇ ಮೇಜಿನಲ್ಲಿ ಉಂಡರು. ಗುಲಾಮಗಿರಿಯ ವಿಷಯದಲ್ಲಿ ಒಮ್ಮೆ ಜೋರಾದ ಜಗಳವಾಯಿತು. ಡಾರ್ವಿನ್ ಅದನ್ನು ದ್ವೇಷಿಸುತ್ತಿದ್ದನು. ಕೋಪ ಇಳಿದ ಮೇಲೆ ಕಪ್ತಾನನೇ ಕ್ಷಮೆ ಕೇಳಿದನು. ಈತನ ಮುಂಗೋಪ ನಾವಿಕರಿಗೆಲ್ಲ ಗೊತ್ತಿತ್ತು, ಕರ್ತವ್ಯನಿಷ್ಠೆಯೂ ಗೊತ್ತಿತ್ತು. ರೇಖಾಂಶಗಳನ್ನು ತಪ್ಪಿಲ್ಲದೆ ಗುರುತಿಸಲು ಹಡಗಿನಲ್ಲಿ 22 ಕ್ರೋನೋಮೀಟರ್ ಗಡಿಯಾರಗಳನ್ನು ಇಟ್ಟಿದ್ದನು. ಕೆಲಸ ಬೇಗ ಮುಗಿಯಲೆಂದು ಇನ್ನೊಂದು ಹಡಗನ್ನು ಸ್ವಂತ ಹಣದಿಂದ ಕೊಂಡನು. ಸರಕಾರವು ಆ ಹಣವನ್ನು ಕೊಡಲು ನಿರಾಕರಿಸಿತು. ಆತನು ತಯಾರಿಸಿದ ನಕ್ಷೆಗಳನ್ನು ನಂಬಿ ನಾವಿಕರು ಬಹುಕಾಲ ಹಡಗು ನಡೆಸಿದರು. 1836ರ ಅಕ್ಟೋಬರ್ 2ರಂದು ಬೀಗಲ್ ತಾಯ್ನಾಡಿಗೆ ಮರಳಿತು.

1843ರಲ್ಲಿ ಆತನನ್ನು ನ್ಯೂಜಿಲೆಂಡಿನ ಗವರ್ನರನನ್ನಾಗಿ ಕಳುಹಿಸಿದರು. ಅಲ್ಲಿ ವೈರೌ ಎಂಬಲ್ಲಿ ಭೂಮಿಯ ವಿವಾದದಿಂದ ಬಿಳಿಯ ವಲಸಿಗರಿಗೂ ಮಾವೋರಿ ಜನರಿಗೂ ಕಾಳಗವಾಗಿ ಇಪ್ಪತ್ತೆರಡು ಮಂದಿ ವಲಸಿಗರು ಸತ್ತಿದ್ದರು. ವಿಚಾರಣೆ ಮಾಡಿದ ಫಿಟ್ಜ್‌ರಾಯನು ತಪ್ಪು ಮೊದಲು ವಲಸಿಗರದೇ ಎಂದು ತೀರ್ಮಾನಿಸಿ ಸೇಡಿನ ಕ್ರಮಕ್ಕೆ ಮುಂದಾಗಲಿಲ್ಲ. ಸ್ವಜನರೇ ಆತನಿಗೆ ಶತ್ರುಗಳಾದರು. ಬೊಕ್ಕಸ ಬರಿದಾಗಿತ್ತು, ಉತ್ತರದಲ್ಲಿ ದಂಗೆ ಎದ್ದಿತು. 1845ರಲ್ಲಿ ಸರಕಾರ ಆತನನ್ನು ಹಿಂದಕ್ಕೆ ಕರೆಸಿಕೊಂಡಿತು.

1854ರಲ್ಲಿ ಹವಾಮಾನದ ಅಂಕಿ ಅಂಶಗಳನ್ನು ಸಂಗ್ರಹಿಸುವ ಒಂದು ಚಿಕ್ಕ ಕಚೇರಿಗೆ ಆತನನ್ನು ಮುಖ್ಯಸ್ಥನನ್ನಾಗಿ ಮಾಡಿದರು. ಬೆರಳೆಣಿಕೆಯ ಗುಮಾಸ್ತರು. ಹಡಗುಗಳಿಂದ ಬಂದ ಲೆಕ್ಕಗಳನ್ನು ಬರೆದಿಡುವುದಷ್ಟೇ ಕೆಲಸ. ಇದರಲ್ಲಿ ಆತನು ತೃಪ್ತನಾಗಲಿಲ್ಲ. ಬಡ ಮೀನುಗಾರರ ಬಂದರುಗಳಿಗೆ ವಾಯುಭಾರಮಾಪಕಗಳನ್ನು ಕೊಡಿಸಿ, ಎಲ್ಲರಿಗೂ ಕಾಣುವಂತೆ ಗೋಡೆಗಳಲ್ಲಿ ಇರಿಸಿದನು. ಬೆಳಿಗ್ಗೆ ಬಲೆ ಹೊತ್ತು ಹೊರಟವನು ಪಾದರಸ ಇಳಿದಿದೆಯೇ ಎಂದು ನೋಡಿ ಮುಂದೆ ಹೋಗಬಹುದಿತ್ತು.

1859ರ ಅಕ್ಟೋಬರ್ 25 ಮತ್ತು 26ರಂದು ಬ್ರಿಟನ್ನಿನ ತೀರಗಳಿಗೆ ಭಯಂಕರ ಬಿರುಗಾಳಿ ಬಡಿಯಿತು. ಆಸ್ಟ್ರೇಲಿಯದಿಂದ ಚಿನ್ನ ಹೊತ್ತು ಬರುತ್ತಿದ್ದ ರಾಯಲ್ ಚಾರ್ಟರ್ ಎಂಬ ಹಡಗು ವೇಲ್ಸಿನ ಆಂಗ್ಲ್‌ಸೀ ದ್ವೀಪದ ಬಂಡೆಗಳಿಗೆ ಅಪ್ಪಳಿಸಿ ಒಡೆಯಿತು. ಊರು ಇನ್ನೇನು ಬಂತು ಎನ್ನುವಾಗ ನಾನೂರಕ್ಕೂ ಹೆಚ್ಚು ಮಂದಿ ಮುಳುಗಿದರು. ಆ ಬಿರುಗಾಳಿಗೆ ಒಟ್ಟು ನೂರಕ್ಕೂ ಹೆಚ್ಚು ಹಡಗುಗಳು ನಾಶವಾದವು. ಫಿಟ್ಜ್‌ರಾಯನು ಆ ಎರಡು ದಿನಗಳ ಲೆಕ್ಕಗಳನ್ನೆಲ್ಲ ತರಿಸಿ ನಕ್ಷೆಯ ಮೇಲೆ ಗುರುತಿಸಿ ನೋಡಿದನು. ಬಿರುಗಾಳಿಯು ದಾರಿ ಹಿಡಿದು ನಡೆದು ಬಂದಿತ್ತು. ಹಾಗಾದರೆ ಅದಕ್ಕಿಂತ ವೇಗವಾಗಿ ಓಡುವ ಸಾಧನವೊಂದಿದ್ದರೆ ಮುಂದಿನ ಊರಿನವರಿಗೆ ತಿಳಿಸಬಹುದಲ್ಲವೇ? ಆ ಸಾಧನ ಆಗಲೇ ಬಂದಿತ್ತು. ಅದುವೇ ತಂತಿ.

ಕರಾವಳಿಯ ಠಾಣೆಗಳಿಂದ ದಿನವೂ ವಾಯುಭಾರ, ಗಾಳಿ, ಉಷ್ಣತೆಗಳ ವಿವರ ತಂತಿಯ ಮೂಲಕ ಲಂಡನಿಗೆ ಬರತೊಡಗಿತು. ಅಪಾಯ ಕಂಡರೆ ಬಂದರುಗಳಿಗೆ ಮರುತಂತಿ. ಅಲ್ಲಿ ಎತ್ತರದ ಕಂಬದಲ್ಲಿ ಕ್ಯಾನ್ವಾಸಿನ ಗುರುತುಗಳನ್ನು ಏರಿಸುತ್ತಿದ್ದರು. ತುದಿ ಮೇಲಾದ ಶಂಕು ಏರಿದರೆ ಬಡಗಣ ದಿಕ್ಕಿನ ಬಿರುಗಾಳಿ, ತುದಿ ಕೆಳಗಾದರೆ ತೆಂಕಣದ್ದು. ನಮ್ಮ ಚೆಂಡೆಯ ಆಕಾರದ ಗುರುತು ಏರಿದರೆ ಒಂದರ ಹಿಂದೊಂದು ಗಾಳಿ ಬರಲಿದೆ ಎಂದರ್ಥ. ಓದು ಬರಹ ಬಾರದವನಿಗೂ ತಿಳಿಯುವ ಲಿಪಿ ಇದು. 1861ರ ಫೆಬ್ರವರಿಯಲ್ಲಿ ಈ ಎಚ್ಚರಿಕೆ ಆರಂಭವಾಯಿತು. ಅದೇ ವರ್ಷ ಆಗಸ್ಟ್ 1ರಂದು ಲಂಡನಿನ ಟೈಮ್ಸ್ ಪತ್ರಿಕೆಯಲ್ಲಿ ಮೊದಲ ಹವಾ ಮುನ್ಸೂಚನೆ ಅಚ್ಚಾಯಿತು. ಇದು ಜೋಯಿಸರ ಭವಿಷ್ಯವಲ್ಲ, ಲೆಕ್ಕದಿಂದ ಬಂದ ಅಭಿಪ್ರಾಯ ಎಂದು ತೋರಿಸುವುದಕ್ಕಾಗಿ ಫೋರ್‌ಕಾಸ್ಟ್ ಎಂಬ ಪದವನ್ನು ಹವಾಮಾನಕ್ಕೆ ಬಳಕೆಗೆ ತಂದವನೂ ಈತನೇ.

ಮುನ್ಸೂಚನೆ ತಪ್ಪಿದ ದಿನ ಪತ್ರಿಕೆಗಳು ಹಾಸ್ಯ ಮಾಡಿದವು. ವಿಜ್ಞಾನಿಗಳು ಇದರಲ್ಲಿ ಶಾಸ್ತ್ರವಿಲ್ಲವೆಂದರು. ದೋಣಿಗಳು ದಡದಲ್ಲಿ ನಿಂತರೆ ನಷ್ಟವೆಂದು ದೋಣಿಗಳ ಮಾಲೀಕರು ಗೊಣಗಿದರು. ಕಡಲಿಗೆ ಹೋಗಬೇಕಾದವರು ಮಾತ್ರ ಕಂಬವನ್ನು ನೋಡುತ್ತಿದ್ದರು. ಇನ್ನೊಂದು ಕಡೆ ಆತನ ಮನಸ್ಸಿನೊಳಗೂ ಯುದ್ಧ. ಬೈಬಲನ್ನು ಅಕ್ಷರಶಃ ನಂಬಿದ ಆತನಿಗೆ ಡಾರ್ವಿನ್ನನ ವಿಕಾಸವಾದವನ್ನು ಸಹಿಸಲಾಗಲಿಲ್ಲ. ಅದಕ್ಕೆ ತನ್ನ ಹಡಗೇ ಸಾಧನವಾಯಿತೆಂಬ ನೋವು. 1860ರಲ್ಲಿ ಆಕ್ಸ್‌ಫರ್ಡಿನ ಪ್ರಸಿದ್ಧ ಸಭೆಯಲ್ಲಿ ಬೈಬಲನ್ನು ಎತ್ತಿಹಿಡಿದು ನಿಂತನು, ಯಾರೂ ಕಿವಿಗೊಡಲಿಲ್ಲ. 1863ರಲ್ಲಿ ವೈಸ್ ಅಡ್ಮಿರಲ್ ಪದವಿ ಬಂತು. ಆದರೆ ಆರೋಗ್ಯ ಕೆಟ್ಟಿತ್ತು, ಪಿತ್ರಾರ್ಜಿತ ಹಣವೆಲ್ಲ ಲೋಕದ ಕೆಲಸಕ್ಕೆ ವೆಚ್ಚವಾಗಿತ್ತು. 1865ರ ಏಪ್ರಿಲ್ 30ರಂದು, ಭಾನುವಾರ ಮುಂಜಾನೆ, ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಯೌವನದಲ್ಲಿ ಆತನು ಅಂಜಿದ್ದು ಇದಕ್ಕೇ. ಅಂದು ಹಡಗಿನಲ್ಲಿ ಒಬ್ಬ ಜತೆಗಾರನನ್ನು ಕೇಳಿ ಪಡೆದಿದ್ದನು. ಈ ಬಾರಿ ಕೇಳಲಿಲ್ಲ.

ಕುಟುಂಬಕ್ಕೆ ಗೆಳೆಯರು ನಿಧಿ ಕೂಡಿಸಿದರು. ಡಾರ್ವಿನ್ನನೂ ನೂರು ಪೌಂಡು ಕೊಟ್ಟನು.

ಮರುವರ್ಷ ಒಂದು ಸಮಿತಿಯ ವರದಿಯಂತೆ ಮುನ್ಸೂಚನೆಯನ್ನೂ ಎಚ್ಚರಿಕೆಯನ್ನೂ ಸರಕಾರ ನಿಲ್ಲಿಸಿತು. ಆಗ ದನಿಯೆತ್ತಿದವರು ಕಡಲನ್ನೇ ನಂಬಿದ ಜನ. ಕಂಬ ಬರಿದಾಗಿ ನಿಂತದ್ದನ್ನು ಅವರು ಒಪ್ಪಲಿಲ್ಲ. 1867ರಲ್ಲಿ ಬಿರುಗಾಳಿಯ ಎಚ್ಚರಿಕೆ ಮತ್ತೆ ಬಂತು. ಪತ್ರಿಕೆಗಳಿಗೆ ಮುನ್ಸೂಚನೆ 1879ರಲ್ಲಿ. 1864ರ ಚಂಡಮಾರುತಕ್ಕೆ ಕಲ್ಕತ್ತದಲ್ಲಿ ಸಾವಿರಾರು ಮಂದಿ ಬಲಿಯಾದ ಮೇಲೆ ನಮ್ಮ ದೇಶವೂ ಎಚ್ಚೆತ್ತು, 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಯಿತು.

ಬ್ರಿಟನ್ನಿನ ರೇಡಿಯೋದಲ್ಲಿ ನಾವಿಕರಿಗಾಗಿ ಕಡಲಿನ ಒಂದೊಂದು ಭಾಗದ ಹೆಸರು ಹೇಳಿ ಹವೆಯನ್ನು ತಿಳಿಸುವ ವಾಡಿಕೆಯಿದೆ. 2002ರಲ್ಲಿ ಅವುಗಳಲ್ಲಿ ಒಂದು ಭಾಗದ ಹಳೆಯ ಹೆಸರನ್ನು ತೆಗೆದು ಫಿಟ್ಜ್‌ರಾಯ್ ಎಂದು ಇಟ್ಟರು. ಅಂದಿನಿಂದ ಆ ವಾರ್ತೆಯಲ್ಲಿ ಆತನ ಹೆಸರೂ ಕೇಳುತ್ತದೆ, ಹಿಂದೆಯೇ ಗಾಳಿಯ ದಿಕ್ಕು, ಅಲೆಯ ಎತ್ತರ.